ಉದ್ಯೋಗ ಪ್ರಶ್ನೋತ್ತರ: ತೈಲ ರಿಗ್‌ಗೆ ಹೋಗುವ ದಾರಿ

ತೈಲಬಾವಿ ಕೊರೆಯುವ ರಿಗ್‌ಗಳಲ್ಲಿ ಕೆಲಸ ಹೇಗೆ ಸಿಗುತ್ತದೆ ಎಂದು ಕೇಳಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಹಾಸನದಲ್ಲಿ ಐಟಿಐ ಫಿಟ್ಟರ್ ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಸಮುದ್ರದ ರಿಗ್‌ನಲ್ಲಿ ಕೆಲಸ ಮಾಡುವ ಆಸೆಯಿದೆ. ಮುಂಬೈಯ ತರಬೇತಿ ಸಂಸ್ಥೆಯೊಂದು ತನ್ನ ‘ರಿಗ್ ಕೋರ್ಸ್’ ಮಾಡಿದರೆ ನೇರವಾಗಿ ಕೆಲಸ ಸಿಗುತ್ತದೆ ಎನ್ನುತ್ತಿದೆ. ಸೇರಬಹುದೇ? (ಹೊಳೆನರಸೀಪುರ)

ಈಗ ಸೇರಬೇಡಿ. ಮೊದಲು ಐಟಿಐ ಮುಗಿಸಿ, ಆಮೇಲೆ ಒಂದೆರಡು ವರ್ಷ ಭಾರಿ ಯಂತ್ರಗಳ ನಡುವೆ ಕೆಲಸ ಮಾಡಿ ಕೈ ಪಳಗಿಸಿಕೊಳ್ಳಿ, ಸಮುದ್ರಕ್ಕೆ ಸಂಬಂಧಿಸಿದ ಪ್ರಮಾಣಪತ್ರಗಳಿಗೆ ಹಣ ಹಾಕುವ ವಿಚಾರವನ್ನು ಅದರ ನಂತರ ನೋಡಿ. ಈ ಕ್ರಮವನ್ನು ಏಕೆ ಹೇಳುತ್ತೇನೆಂದರೆ, ರಿಗ್‌ಗೆ ಬೇಕಾಗುವುದು ಕಸುಬು ಗೊತ್ತಿರುವವರು. ಕಸುಬಿಲ್ಲದೆ ಬರಿಯ ಪ್ರಮಾಣಪತ್ರ ಹಿಡಿದು ನಿಂತವರ ಸಾಲು ಮುಂಬೈಯಲ್ಲಿ ಈಗಾಗಲೇ ಬೇಕಾದಷ್ಟು ಉದ್ದವಿದೆ.

ಸಮುದ್ರದ ರಿಗ್ ಒಂದರಲ್ಲಿ ದೊಡ್ಡ ಡೀಸೆಲ್ ಎಂಜಿನ್‌ಗಳು, ಜನರೇಟರ್‌ಗಳು, ಭಾರಿ ಪಂಪುಗಳು, ಕ್ರೇನುಗಳು, ಸಮುದ್ರದ ನೀರನ್ನು ಕುಡಿಯುವ ನೀರಾಗಿಸುವ ಘಟಕ, ಹವಾನಿಯಂತ್ರಣ, ಅಡುಗೆಮನೆ, ಪುಟ್ಟ ಚಿಕಿತ್ಸಾಲಯ ಎಲ್ಲವೂ ಇರುತ್ತವೆ. ಬಾವಿ ಕೊರೆಯುವ ತಂಡದಲ್ಲಿ ಕೆಳಗಿನ ಮೆಟ್ಟಿಲು ರೌಸ್ಟಬೌಟ್‌ನದು, ಅಂದರೆ ಡೆಕ್ಕಿನ ಮೇಲೆ ಸಾಮಾನು ಸಾಗಿಸುವ, ಬಣ್ಣ ಬಳಿಯುವ, ಕ್ರೇನಿಗೆ ಕೊಕ್ಕೆ ಹಾಕುವ ಕೆಲಸಗಾರನದು. ಅಲ್ಲಿಂದ ಪೈಪು ಜೋಡಿಸುವ ಫ್ಲೋರ್‌ಮನ್, ಗೋಪುರದ ಮೇಲಿನ ಅಟ್ಟದಲ್ಲಿ ನಿಂತು ಪೈಪಿನ ತುದಿ ಹಿಡಿಯುವ ಡೆರಿಕ್‌ಮನ್ (ನಮ್ಮ ದೇಶದ ರಿಗ್‌ಗಳಲ್ಲಿ ಇವನನ್ನು ಟಾಪ್‌ಮನ್ ಎನ್ನುವುದೇ ಹೆಚ್ಚು), ಅಸಿಸ್ಟೆಂಟ್ ಡ್ರಿಲ್ಲರ್, ಡ್ರಿಲ್ಲರ್, ಕೊನೆಗೆ ಕೊರೆತದ ಇಡೀ ಜವಾಬ್ದಾರಿ ಹೊರುವ ಟೂಲ್‌ಪುಷರ್. ಇದರ ಪಕ್ಕದಲ್ಲೇ ದುರಸ್ತಿ ತಂಡದ ಇನ್ನೊಂದು ಏಣಿಯಿದೆ: ಮೋಟರ್‌ಮನ್, ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ವೆಲ್ಡರ್, ಕ್ರೇನ್ ಆಪರೇಟರ್. ಫಿಟ್ಟರ್ ಓದಿದ ನಿಮಗೆ ಹೊಂದುವುದು ಎರಡನೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಭದ್ರವಾದದ್ದೂ ಅದೇ. ತೈಲದ ಬೆಲೆ ಬಿದ್ದು ರಿಗ್‌ಗಳು ನಿಂತಾಗ ಫ್ಲೋರ್‌ಮನ್‌ಗೆ ಬೇರೆ ಕಡೆ ಕೆಲಸ ಹುಡುಕುವುದು ಕಷ್ಟ. ಎಂಜಿನ್ ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಯಾವ ಕಾರ್ಖಾನೆಗೂ ಬೇಕಾದವನು.

ಒಂದೇ ರಿಗ್‌ನಲ್ಲಿ ಸಂಬಳ ಕೊಡುವವರು ಹಲವರು ಎಂಬುದನ್ನೂ ತಿಳಿದಿರಿ. ಬಾವಿ ಕೇಂದ್ರ ಸರ್ಕಾರದ ತೈಲ ಸಂಸ್ಥೆಯಾದ ಒಎನ್‌ಜಿಸಿಯದಾಗಿದ್ದರೂ ರಿಗ್ ಬಾಡಿಗೆಗೆ ಬಂದದ್ದಾಗಿರಬಹುದು. ಆಗ ಕೊರೆಯುವವರು ಗುತ್ತಿಗೆ ಕಂಪನಿಯವರು, ಸಿಮೆಂಟು ತುಂಬುವವರು ಮತ್ತು ಅಳತೆ ಉಪಕರಣ ಇಳಿಸುವವರು ಸೇವಾ ಕಂಪನಿಗಳವರು, ಅಡುಗೆಯವರು ಇನ್ನೊಬ್ಬ ಗುತ್ತಿಗೆದಾರನವರು. ‘ಒಎನ್‌ಜಿಸಿ ರಿಗ್‌ನಲ್ಲಿ ಕೆಲಸ’ ಎಂದು ಯಾರಾದರೂ ಹೇಳಿದರೆ, ನೇಮಕಪತ್ರಕ್ಕೆ ಸಹಿ ಹಾಕುವವರು ಯಾರು ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಲಿ.

ಐಟಿಐ ಮುಗಿಸಿದವರಿಗೆ ಅತ್ಯಂತ ಒಳ್ಳೆಯ ಬಾಗಿಲು 1961ರ ಅಪ್ರೆಂಟಿಸ್ ಕಾಯ್ದೆಯಡಿ ನಡೆಯುವ ತರಬೇತಿ. ಒಎನ್‌ಜಿಸಿ ತನ್ನ ಕಾರ್ಯಕೇಂದ್ರಗಳಾದ ಮುಂಬೈ, ಮೆಹ್ಸಾಣಾ, ಅಂಕಲೇಶ್ವರ, ರಾಜಮಹೇಂದ್ರಿ, ಕಾರೈಕಲ್, ಅಸ್ಸಾಮಿನ ಶಿವಸಾಗರ ಮೊದಲಾದ ಕಡೆಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ, ಆಯ್ಕೆಯಲ್ಲಿ ನಿಮ್ಮ ಐಟಿಐ ಅಂಕವೇ ಮುಖ್ಯ. ಯಾವ ಕೇಂದ್ರಕ್ಕೆ ಯಾವ ರಾಜ್ಯದವರು ಅರ್ಹರು ಎಂಬುದನ್ನು ಅಧಿಸೂಚನೆಯಲ್ಲಿ ನಿಧಾನವಾಗಿ ಓದಿ. ತರಬೇತಿ ಮುಗಿದ ಮೇಲೆ ಕಾಯಂ ಮಾಡಿಕೊಳ್ಳಬೇಕೆಂಬ ಕಟ್ಟುಪಾಡು ಸಂಸ್ಥೆಗೆ ಇಲ್ಲ. ಆದರೆ ಆ ಅನುಭವಪತ್ರಕ್ಕೆ ಗುತ್ತಿಗೆ ಕಂಪನಿಗಳಲ್ಲಿ ಬೆಲೆಯಿದೆ.

ಮನೆಗೆ ಹತ್ತಿರದ ದಾರಿಯೂ ಒಂದಿದೆ. ಘಟ್ಟ ಇಳಿದರೆ ಮಂಗಳೂರಿನ ಎಂಆರ್‌ಪಿಎಲ್ ಶುದ್ಧೀಕರಣಾಗಾರ ಸಿಗುತ್ತದೆ, ಅದು 2003ರಿಂದ ಒಎನ್‌ಜಿಸಿ ಬಳಗಕ್ಕೇ ಸೇರಿದ್ದು. ಅಲ್ಲಿ ಘಟಕಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ‘ಶಟ್‌ಡೌನ್’ ಸಮಯದಲ್ಲಿ ಗುತ್ತಿಗೆದಾರರಿಗೆ ಫಿಟ್ಟರ್, ರಿಗ್ಗರ್ (ಭಾರದ ಸಾಮಾನನ್ನು ಕಟ್ಟಿ ಎತ್ತಿಸುವವನು), ವೆಲ್ಡರುಗಳು ಬೇಕಾಗುತ್ತಾರೆ. ಕೆಲಸಕ್ಕೆ ಮುನ್ನ ಲಿಖಿತ ಪರ್ಮಿಟ್ ಪಡೆಯುವುದು, ಟ್ಯಾಂಕಿನೊಳಗೆ ಇಳಿಯುವ ಮೊದಲು ಅನಿಲ ಪರೀಕ್ಷೆ ಮಾಡಿಸುವುದು, ವಿದ್ಯುತ್ ಕಡಿದು ಬೀಗ ಹಾಕಿ ಚೀಟಿ ಕಟ್ಟುವುದು ಇವೆಲ್ಲ ಅಲ್ಲಿ ಮೈಗೂಡುತ್ತವೆ. ಕಡಲ ರಿಗ್‌ನಲ್ಲಿ ನಡೆಯುವುದೂ ಇದೇ ಶಿಸ್ತು, ಸಂದರ್ಶನದಲ್ಲಿ ಕೇಳುವುದೂ ಇದನ್ನೇ.

ಪ್ರಶ್ನೆ: ಹಲವು ವರ್ಷಗಳಿಂದ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆ ಸಾವಿರ ಅಡಿ ಮೀರಿಯೂ ಕೊರೆಯುತ್ತೇವೆ. ಎಸ್ಸೆಸ್ಸೆಲ್ಸಿ ಪಾಸಾಗಿದೆ. ಈ ಅನುಭವ ತೈಲ ರಿಗ್‌ಗೆ ಲೆಕ್ಕಕ್ಕೆ ಬರುತ್ತದೆಯೇ? (ಕಡೂರು)

ಬಂದ ಪತ್ರಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದ ಪ್ರಶ್ನೆ ಇದು. ಉತ್ತರ: ಅರ್ಧ ಬರುತ್ತದೆ. ಬಾರದ ಅರ್ಧ ಯಾವುದೆಂದು ತಿಳಿದರೆ ತೈಲ ರಿಗ್ ಎಂದರೇನು ಎಂಬುದೇ ತಿಳಿಯುತ್ತದೆ.

ನೀವು ಕೊರೆಯುವುದು ಗಟ್ಟಿ ಕಲ್ಲನ್ನು. ಕಂಪ್ರೆಸರಿನ ಗಾಳಿ ರಾಡಿನೊಳಗೆ ಇಳಿದು ತಳದ ಹ್ಯಾಮರನ್ನು ನಡೆಸುತ್ತದೆ, ಅದರ ತುದಿಯ ಕೊರೆಯುವ ಮೊನೆ, ಅಂದರೆ ಬಿಟ್, ಕಲ್ಲನ್ನು ಪುಡಿ ಮಾಡುತ್ತದೆ, ಅದೇ ಗಾಳಿ ಹುಡಿಯನ್ನು ಮೇಲಕ್ಕೆ ಎಸೆಯುತ್ತದೆ. ಬಾವಿಯ ಗೋಡೆ ಕುಸಿಯದು, ಒಳಗಿನಿಂದ ಏನೂ ಉಕ್ಕಿ ಬಂದು ನಿಮ್ಮನ್ನು ಸುಡದು. ನೀರು ಬಂದರೆ ಜಮೀನಿನವರು ಕೈ ಮುಗಿಯುತ್ತಾರೆ. ತೈಲವಿರುವುದು ಮರಳುಗಲ್ಲು, ಸುಣ್ಣಕಲ್ಲುಗಳ ರಂಧ್ರಗಳಲ್ಲಿ, ಕಿಲೋಮೀಟರುಗಟ್ಟಲೆ ಆಳದಲ್ಲಿ, ಭಾರಿ ಒತ್ತಡದಲ್ಲಿ. ಅಲ್ಲಿ ಗಾಳಿಯ ಬದಲು ‘ಮಡ್’ ಎಂಬ ದ್ರವವನ್ನು ಬಳಸುತ್ತಾರೆ. ಬೆಂಟೊನೈಟ್ ಜೇಡಿಯನ್ನು ನೀರಿಗೆ ಕಲಸಿ, ತೂಕ ಹೆಚ್ಚಿಸಲು ಬೆರೈಟ್ಸ್ ಎಂಬ ಭಾರದ ಖನಿಜದ ಪುಡಿ ಸೇರಿಸುತ್ತಾರೆ. ಈ ಖನಿಜದ ದೊಡ್ಡ ನಿಕ್ಷೇಪವೊಂದು ನಮ್ಮ ನೆರೆಯ ಆಂಧ್ರದ ಮಂಗಂಪೇಟೆಯಲ್ಲಿದೆ. ಮಡ್ ಪೈಪಿನೊಳಗೆ ಇಳಿದು, ಬಿಟ್‌ನ ತೂತುಗಳಿಂದ ಚಿಮ್ಮಿ, ಕೊರೆದ ಚೂರುಗಳನ್ನು ಹೊತ್ತು ಪೈಪಿನ ಹೊರಗಿನಿಂದ ಮೇಲೇರುತ್ತದೆ. ಅದುರುವ ಜರಡಿಯ ಮೇಲೆ ಹರಿದು ಚೂರುಗಳನ್ನು ಬಿಟ್ಟು ತೊಟ್ಟಿಗೆ ಮರಳುತ್ತದೆ. ಆದರೆ ಅದರ ದೊಡ್ಡ ಕೆಲಸ ಬೇರೆ: ಬಾವಿ ತುಂಬ ನಿಂತ ಮಡ್‌ನ ಭಾರ, ಕುಕ್ಕರಿನ ಮೇಲಿನ ವೇಯ್ಟಿನಂತೆ, ಕೆಳಗಿನ ಅನಿಲವನ್ನು ಅದುಮಿ ಹಿಡಿದಿರುತ್ತದೆ.

ಆ ಭಾರ ಸಾಲದಾದಾಗ ಅನಿಲ ಬಾವಿಯೊಳಕ್ಕೆ ನುಗ್ಗುತ್ತದೆ. ಇದನ್ನು ‘ಕಿಕ್’ ಎನ್ನುತ್ತಾರೆ. ಮೊದಲ ಸೂಚನೆ ತೀರಾ ಸಣ್ಣದು: ತೊಟ್ಟಿಯಲ್ಲಿ ಮಡ್‌ನ ಮಟ್ಟ ಕೊಂಚ ಏರುತ್ತದೆ, ಅಥವಾ ಪಂಪು ನಿಲ್ಲಿಸಿದ ಮೇಲೂ ಮಡ್ ಹರಿದು ಬರುತ್ತಲೇ ಇರುತ್ತದೆ. ಡ್ರಿಲ್ಲರ್ ಆಗ ತಿರುಗಣೆ ನಿಲ್ಲಿಸಿ, ಪೈಪನ್ನು ತಳದಿಂದ ಎತ್ತಿ, ಪಂಪು ನಿಲ್ಲಿಸಿ, ಹರಿವು ಪರೀಕ್ಷಿಸಿ, ಬಾವಿಯ ಬಾಯಿಗೆ ಕೂರಿಸಿರುವ ‘ಬ್ಲೋಔಟ್ ಪ್ರಿವೆಂಟರ್’ ಎಂಬ ಭಾರಿ ಕವಾಟಗಳ ಗೋಪುರವನ್ನು ಮುಚ್ಚಬೇಕು. ಯಾರ ಅಪ್ಪಣೆಗೂ ಕಾಯುವಂತಿಲ್ಲ. ಇದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆಂಧ್ರದ ಪಾಸರ್ಲಪೂಡಿ ತೋರಿಸಿತು. 1995ರ ಜನವರಿಯಲ್ಲಿ ಅಲ್ಲಿ ಬಾವಿಯೊಂದು ಹತ್ತಿಕೊಂಡು 65 ದಿನ ಉರಿಯಿತು. ಅಸ್ಸಾಮಿನ ಬಾಗ್‌ಜಾನ್‌ನಲ್ಲಿ 2020ರಲ್ಲಿ ಸ್ಫೋಟಿಸಿದ ಬಾವಿ ತಿಂಗಳುಗಟ್ಟಲೆ ಆರಲಿಲ್ಲ.

ಆದ್ದರಿಂದ ಡ್ರಿಲ್ಲರ್ ಮತ್ತು ಮೇಲ್ವಿಚಾರಕರಿಗೆ ಬಾವಿ ನಿಯಂತ್ರಣದ ಪರೀಕ್ಷೆ ಕಡ್ಡಾಯ. ಐಡಬ್ಲ್ಯುಸಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ಹೆಚ್ಚು ಬಳಕೆಯಲ್ಲಿದೆ, ಡ್ರಿಲ್ಲರ್ ಹಂತದವರು ಅದನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದೇ ಸಂಸ್ಥೆಯ ಮೊದಲ ಹಂತದ ಪರಿಚಯ ಪಾಠ ಆನ್‌ಲೈನಿನಲ್ಲಿ ಉಚಿತವಾಗಿದೆ. ನೀವು ಬಿಡುವಿನ ಮಳೆಗಾಲದಲ್ಲಿ ಮಾಡಬಹುದಾದ ಮೊದಲ ಕೆಲಸ ಇದೇ.

ಲೆಕ್ಕಕ್ಕೆ ಬರುವ ಅರ್ಧವೂ ಸಣ್ಣದಲ್ಲ. ರಾಡಿನ ತುದಿಯ ತಿರುಪಿಗೆ ಗ್ರೀಸು ಹಚ್ಚಿ ಜೋಡಿಸುವುದು, ತೂಗುವ ಭಾರದ ಕೆಳಗೆ ನಿಲ್ಲದಿರುವುದು, ಯಂತ್ರದ ಸದ್ದು ಬದಲಾದೊಡನೆ ಕಿವಿ ನಿಮಿರುವುದು, ರಾತ್ರಿಯಿಡೀ ದುಡಿಯುವುದು ನಿಮಗೆ ಅಭ್ಯಾಸವಾಗಿದೆ. ಇದನ್ನು ತರಗತಿಯಲ್ಲಿ ಕಲಿಸಲಾಗದು. ನೀವು ನೇರವಾಗಿ ಸಮುದ್ರಕ್ಕೆ ಹಾರದೆ ನೆಲದ ರಿಗ್‌ಗಳಲ್ಲಿ ಪ್ರಯತ್ನಿಸಬೇಕು. ಗುಜರಾತಿನ ಮೆಹ್ಸಾಣಾ, ರಾಜಸ್ಥಾನದ ಬಾರ್ಮೇರ್, ಆಂಧ್ರದ ಗೋದಾವರಿ ಸೀಮೆ, ತಮಿಳುನಾಡಿನ ಕಾವೇರಿ ಮುಖಜಭೂಮಿಗಳಲ್ಲಿ ಗುತ್ತಿಗೆ ಕಂಪನಿಗಳ ರಿಗ್‌ಗಳು ನಡೆಯುತ್ತವೆ. ಹಳೆಯ ಬಾವಿಗಳನ್ನು ದುರಸ್ತಿ ಮಾಡುವ ‘ವರ್ಕ್‌ಓವರ್’ ರಿಗ್‌ಗಳು ಚಿಕ್ಕವು, ಹೊಸಬರಿಗೆ ಅಲ್ಲಿ ಜಾಗ ಸಿಗುವ ಸಂಭವ ಹೆಚ್ಚು. ಭಾರಿ ವಾಹನದ ಲೈಸೆನ್ಸ್ ಇದ್ದರೆ ಅರ್ಜಿಯಲ್ಲಿ ತಪ್ಪದೆ ಬರೆಯಿರಿ. ಲಾರಿಯ ಮಾಲೀಕರಿಂದ, ಯಾವ ಯಂತ್ರದ ಮೇಲೆ ಎಷ್ಟು ಕಾಲ ದುಡಿದಿರಿ ಎಂಬ ಪತ್ರ ಬರೆಸಿಕೊಳ್ಳಿ. ಕೆಲಸಕ್ಕೆ ಮುಂಚಿನ ಸುರಕ್ಷತಾ ಮಾತುಕತೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯುತ್ತದೆ. ‘ಎತ್ತು’, ‘ನಿಲ್ಲಿಸು’, ‘ಹಿಂದೆ ಸರಿ’ ಎಂಬುದು ಆ ಭಾಷೆಯಲ್ಲಿ ಕೂಡಲೇ ಅರ್ಥವಾಗದವನನ್ನು ಯಾವ ಡ್ರಿಲ್ಲರೂ ತನ್ನ ಫ್ಲೋರಿನ ಮೇಲೆ ಇಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ನನ್ನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ಕೊಲ್ಲಿ ದೇಶದ ರಿಗ್‌ನಲ್ಲಿ ಕೆಲಸ ಕೊಡಿಸುತ್ತೇನೆಂದು ಏಜೆಂಟರೊಬ್ಬರು ಮೂರು ಲಕ್ಷ ರೂಪಾಯಿ ಕೇಳಿದ್ದಾರೆ, ಸರ್ಟಿಫಿಕೇಟು ಮತ್ತು ವೀಸಾ ಎಲ್ಲವೂ ಅದರಲ್ಲೇ ಸೇರಿದೆಯಂತೆ. ಆಫರ್ ಲೆಟರ್ ವಾಟ್ಸಾಪಿನಲ್ಲಿ ಬಂದಿದೆ. ಈ ಸಲದ ಕಾಫಿ ಮಾರಿದ ದುಡ್ಡು ಕೈಯಲ್ಲಿದೆ. ಕೊಡಬಹುದೇ? (ಸಕಲೇಶಪುರ)

ಕೊಡಬೇಡಿ. ಸಂದರ್ಶನವಿಲ್ಲದೆ, ವೈದ್ಯಕೀಯ ತಪಾಸಣೆಯಿಲ್ಲದೆ, ಅನುಭವವಿಲ್ಲದ ಹುಡುಗನಿಗೆ ರಿಗ್ ಕಂಪನಿಯೊಂದು ಆಫರ್ ಲೆಟರ್ ಕಳುಹಿಸುವುದಿಲ್ಲ. ಪತ್ರದ ತಲೆಬರಹದಲ್ಲಿ ದೊಡ್ಡ ಕಂಪನಿಯ ಲಾಂಛನವಿದ್ದರೂ ಅದರಲ್ಲಿ ಕೊಟ್ಟಿರುವ ಇಮೇಲ್ ವಿಳಾಸ ಯಾರು ಬೇಕಾದರೂ ಉಚಿತವಾಗಿ ತೆರೆಯಬಹುದಾದದ್ದೇ ಎಂದು ನೋಡಿ, ಬಹುಮಟ್ಟಿಗೆ ಅಲ್ಲೇ ಬಣ್ಣ ಬಯಲಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದು ಏಜೆಂಟರ ಎದುರು ಕೂರಿ. 1983ರ ವಲಸೆ ಕಾಯ್ದೆಯ ಪ್ರಕಾರ, ವಿದೇಶದ ಕೆಲಸಕ್ಕೆ ಜನರನ್ನು ನೇಮಿಸುವವರು ವಿದೇಶಾಂಗ ಸಚಿವಾಲಯದಡಿ ನೋಂದಾಯಿತರಾಗಿರಬೇಕು. ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅಂಥವರು ಸಹ ಕೆಲಸಗಾರನಿಂದ ಸೇವಾ ಶುಲ್ಕವಾಗಿ ಪಡೆಯಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ, ಅದಕ್ಕೆ ರಸೀದಿ ಕೊಡಬೇಕು. ಮೂರು ಲಕ್ಷ ಎಂಬ ಮಾತೇ ಕಾನೂನಿನ ಹೊರಗಿನದು. ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಅದನ್ನು ಜಾಲತಾಣದಲ್ಲಿ ತಾಳೆ ನೋಡಿ. ‘ಬೆಂಗಳೂರಿನ ನಮ್ಮ ಹೆಡ್ ಆಫೀಸಿನದು’ ಎಂದು ಬೇರೊಬ್ಬರ ಸಂಖ್ಯೆ ಕೊಡುವ ಉಪ ಏಜೆಂಟರೂ ಇದ್ದಾರೆ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳೋಣ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಈಗಾಗಲೇ ಆನ್‌ಲೈನಿನಲ್ಲಿ ಮುಂಗಡ ಕಳುಹಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ.

‘ಸರ್ಟಿಫಿಕೇಟು ಸೇರಿ’ ಎಂಬ ಮಾತನ್ನೂ ಬಿಡಿಸಿ ಹೇಳಬೇಕು. ಸಮುದ್ರದ ರಿಗ್‌ಗೆ ಹೋಗುವವರಿಗೆ ಬೊಸಿಯೆಟ್ ಎಂಬ ಸುರಕ್ಷತಾ ತರಬೇತಿ ಬೇಕು. ಒಪಿಟೊ ಎಂಬ ಸಂಸ್ಥೆ ಅದರ ಪಠ್ಯವನ್ನು ನಿಗದಿಪಡಿಸಿದೆ. ತರಬೇತಿ ಮೂರು ದಿನಗಳದ್ದು, ಪ್ರಮಾಣಪತ್ರದ ಅವಧಿ ನಾಲ್ಕು ವರ್ಷ. ಅದು ನಿಜವಾದದ್ದೇ ಎಂದು ಕಂಪನಿಗಳು ಒಪಿಟೊದ ದಾಖಲೆಯಲ್ಲಿ ನೋಡಿಕೊಳ್ಳುತ್ತವೆ, ಹಾಗಾಗಿ ಕೊಂಡು ತಂದ ಕಾಗದ ಅಲ್ಲೇ ಸಿಕ್ಕಿಬೀಳುತ್ತದೆ. ನಿಜವಾದದ್ದಾದರೂ ಕೆಲಸ ಸಿಗುವ ಮುನ್ನವೇ ಮಾಡಿಸಿದರೆ ಅವಧಿ ಮನೆಯಲ್ಲಿ ಕುಳಿತೇ ಸವೆಯುತ್ತದೆ. ಅನುಭವವಿರುವವನಿಗೆ ಎಷ್ಟೋ ಕಂಪನಿಗಳು ತಾವೇ ಖರ್ಚು ಹಾಕಿ ಇದನ್ನು ಮಾಡಿಸುತ್ತವೆ. ಇದು ಕೆಲಸಕ್ಕೆ ಅರ್ಹತೆಯಲ್ಲ, ಹೆಲಿಕಾಪ್ಟರ್ ಹತ್ತುವುದಕ್ಕೆ ಅರ್ಹತೆ ಎಂದು ನಿಮ್ಮ ಮಗನಿಗೆ ಹೇಳಿ. ಕಾಫಿಯ ದುಡ್ಡಿನಲ್ಲಿ ಖರ್ಚು ಮಾಡಲೇಬೇಕೆಂದಿದ್ದರೆ, ಮಾನ್ಯತೆಯಿರುವ ಕೇಂದ್ರದಲ್ಲಿ ಹೈಡ್ರಾಲಿಕ್ಸ್ ಅಥವಾ ವೆಲ್ಡಿಂಗಿನ ಉನ್ನತ ತರಬೇತಿ ಕೊಡಿಸಿ. ರಿಗ್ ಸಿಗದಿದ್ದರೂ ಅದು ಊಟ ಹಾಕುತ್ತದೆ.

ಪ್ರಶ್ನೆ: ರಿಗ್‌ನಲ್ಲಿ ಹದಿನಾಲ್ಕು ದಿನ ಕೆಲಸ, ಹದಿನಾಲ್ಕು ದಿನ ರಜೆ ಎಂದು ಕೇಳಿದ್ದೇನೆ. ಹಾಗಾದರೆ ಊರಿನಲ್ಲಿದ್ದು ನಾಲ್ಕೆಕರೆ ತೋಟವನ್ನೂ ನೋಡಿಕೊಳ್ಳಬಹುದಲ್ಲವೇ? (ಮೂಡಿಗೆರೆ)

ತೋಟ ನೋಡಿಕೊಳ್ಳುವ ಇನ್ನೊಬ್ಬರು ಮನೆಯಲ್ಲಿದ್ದರೆ ಆಗುತ್ತದೆ, ನಿಮ್ಮೊಬ್ಬರಿಂದಲೇ ಆಗುವುದಿಲ್ಲ. ಹದಿನಾಲ್ಕು ದಿನದ ಸರದಿ ಮುಂಬೈ ಸಮುದ್ರದಲ್ಲಿ ಸಾಮಾನ್ಯ. ವಿದೇಶದ ರಿಗ್‌ಗಳಲ್ಲಿ 28 ದಿನ ಕೆಲಸ, 28 ದಿನ ರಜೆ ಎಂಬ ಸರದಿ ಹೆಚ್ಚು. ರಿಗ್ ಮೇಲಿದ್ದಾಗ ದಿನಕ್ಕೆ 12 ಗಂಟೆ ದುಡಿತ, ವಾರದ ರಜೆಯಿಲ್ಲ. ಮಳೆಗಾಲದ ಮೋಡದಲ್ಲಿ ಹೆಲಿಕಾಪ್ಟರ್ ಹಾರದಿದ್ದರೆ ಅಥವಾ ನಿಮ್ಮ ಜಾಗಕ್ಕೆ ಬರಬೇಕಾದವನು ಬರದಿದ್ದರೆ ಅಲ್ಲೇ ಉಳಿಯಬೇಕಾಗುತ್ತದೆ. ಕಾಫಿಯ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಚ್ಚಬೇಕಾದ ವಾರವೂ ಹಣ್ಣು ಕೊಯ್ಯಬೇಕಾದ ವಾರವೂ ನಿಮ್ಮ ಸರದಿಯನ್ನು ಕೇಳಿ ಬರುವುದಿಲ್ಲ. ಇನ್ನೊಂದು ಮಾತು: ಗುತ್ತಿಗೆ ಕಂಪನಿಗಳಲ್ಲಿ ಹಲವರಿಗೆ ರಿಗ್ ಮೇಲಿದ್ದ ದಿನಗಳಿಗಷ್ಟೇ ದಿನದ ಲೆಕ್ಕದಲ್ಲಿ ಸಂಬಳ. ದಿನಗೂಲಿಯನ್ನು ಮೂವತ್ತರಿಂದ ಗುಣಿಸಿ ಹಿಗ್ಗಬೇಡಿ, ಹದಿನಾಲ್ಕು ಅಥವಾ ಹದಿನೈದರಿಂದ ಗುಣಿಸಿ ನೋಡಿ.

ಪ್ರಶ್ನೆ: ಮಗ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ತಾಯಿಯಾಗಿ ಕೇಳುತ್ತೇನೆ, ನಿಜಕ್ಕೂ ಎಷ್ಟು ಅಪಾಯ? (ಆಲೂರು)

ಅಪಾಯವಿಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ಸುಳ್ಳಾಗುತ್ತದೆ. 2005ರ ಜುಲೈ 27ರಂದು ಮುಂಬೈ ಹೈ ನಾರ್ತ್ ಎಂಬ ಉತ್ಪಾದನಾ ವೇದಿಕೆಗೆ, ಗಾಯಗೊಂಡ ಒಬ್ಬನನ್ನು ಚಿಕಿತ್ಸೆಗೆ ಸಾಗಿಸಲು ಬಂದ ಹಡಗು ಅಲೆಯ ಹೊಡೆತಕ್ಕೆ ಸಿಕ್ಕಿ ಬಡಿಯಿತು. ಅನಿಲ ಹೊತ್ತು ಮೇಲೇರುವ ಪೈಪಿಗೆ ಪೆಟ್ಟು ಬಿದ್ದು ಬೆಂಕಿ ಹತ್ತಿತು, ಎರಡು ಗಂಟೆಯೊಳಗೆ ಇಡೀ ವೇದಿಕೆ ನಾಶವಾಯಿತು. 362 ಮಂದಿಯನ್ನು ಉಳಿಸಲಾಯಿತು, 22 ಮಂದಿ ಉಳಿಯಲಿಲ್ಲ. ಸಮುದ್ರದ ತೈಲ ಕೆಲಸಕ್ಕೇ ಮೀಸಲಾದ ಸುರಕ್ಷತಾ ನಿಯಮಗಳು 2008ರಲ್ಲಿ ಬಂದವು, ಅವುಗಳ ಜಾರಿಯ ಹೊಣೆ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯದ್ದು. ಆದರೂ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಪಿ-305 ಎಂಬ ವಸತಿ ದೋಣಿ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಕಾರ್ಮಿಕರು ತೀರಿಕೊಂಡರು. ಅವರು ರಿಗ್‌ನವರಲ್ಲ, ಗುತ್ತಿಗೆಯ ಕಾಮಗಾರಿಯವರು ಎಂಬುದನ್ನು ಗಮನಿಸಿ. ನನ್ನ ತಿಳಿವಳಿಕೆಯಲ್ಲಿ ಅಪಾಯ ಸಮವಾಗಿ ಹಂಚಿಕೆಯಾಗಿಲ್ಲ. ಗುತ್ತಿಗೆಯ ಮೆಟ್ಟಿಲು ಕೆಳಗಿಳಿದಷ್ಟೂ ತರಬೇತಿ ಕಡಿಮೆ, ಪ್ರಶ್ನಿಸುವ ಧೈರ್ಯವೂ ಕಡಿಮೆ.

ದಿನನಿತ್ಯದ ಗಾಯಗಳು ಮಾತ್ರ ಪತ್ರಿಕೆಗೆ ಬರುವುದಿಲ್ಲ. ಪೈಪುಗಳ ನಡುವೆ ಬೆರಳು ಸಿಕ್ಕುವುದು, ಮಡ್ ಬಿದ್ದ ಜಾರುನೆಲದಲ್ಲಿ ಬೀಳುವುದು, ತೂಗುವ ಭಾರ ತಾಗುವುದು ಇಂಥವೇ ಹೆಚ್ಚು. ಸುರಕ್ಷಿತವಲ್ಲ ಎನಿಸಿದ ಕೆಲಸವನ್ನು ನಿಲ್ಲಿಸುವ ಅಧಿಕಾರ ಹೊಸಬನಿಗೂ ಇದೆ ಎಂದು ಒಳ್ಳೆಯ ರಿಗ್‌ಗಳಲ್ಲಿ ಮೊದಲ ದಿನವೇ ಹೇಳುತ್ತಾರೆ. ಮಗನನ್ನು ತಡೆಯುವುದಕ್ಕಿಂತ, ನೀನು ಸೇರುವ ಕಂಪನಿಯಲ್ಲಿ ಈ ಮಾತು ಹೇಳುತ್ತಾರೆಯೇ, ವಿಮೆ ಮತ್ತು ಭವಿಷ್ಯನಿಧಿ ಇದೆಯೇ ಎಂದು ಕೇಳಿ ಬರಲು ಹೇಳಿ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಆಯ್ಕೆಯಾಗುವುದಿಲ್ಲವೇ? (ಬೇಲೂರು)

ಈಜು ಬಾರದವರೂ ತರಬೇತಿ ಮುಗಿಸುತ್ತಾರೆ, ನೀರಿನ ಭಯ ಮಾತ್ರ ಇರಕೂಡದು. ಮುಂಬೈ ಹೈ ತೈಲಕ್ಷೇತ್ರ ತೀರದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿದೆ, ಜುಹು ನೆಲೆಯಿಂದ ಹೆಲಿಕಾಪ್ಟರಿನಲ್ಲಿ ಹೋಗಬೇಕು. ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಹೊರಬರುವುದನ್ನು ಕಲಿಸಲು ಈಜುಕೊಳದ ಮೇಲೆ ಅದರ ಒಡಲಿನಂಥ ಪೆಟ್ಟಿಗೆಯನ್ನು ತೂಗುಹಾಕಿರುತ್ತಾರೆ. ನೀವು ಲೈಫ್ ಜಾಕೆಟ್ ತೊಟ್ಟು, ಬೆಲ್ಟು ಬಿಗಿದು ಕುಳಿತಿರುತ್ತೀರಿ. ಪೆಟ್ಟಿಗೆ ನೀರಿಗೆ ಇಳಿದು ತಲೆಕೆಳಗಾಗಿ ಮಗುಚುತ್ತದೆ. ಮೂಗಿಗೆ ನೀರು ನುಗ್ಗುತ್ತದೆ, ಮೇಲಾವುದು ಕೆಳಗಾವುದು ತಿಳಿಯುವುದಿಲ್ಲ. ಅದಕ್ಕೇ ಒಂದು ಕೈ ಕಿಟಕಿಯ ಚೌಕಟ್ಟನ್ನು ಬಿಡಬಾರದು, ಇನ್ನೊಂದು ಬೆಲ್ಟಿನ ಕೊಂಡಿಯ ಮೇಲಿರಬೇಕು. ಪೆಟ್ಟಿಗೆಯ ಚಲನೆ ಪೂರ್ತಿ ನಿಲ್ಲುವವರೆಗೆ ಉಸಿರು ಹಿಡಿದು ಕಾಯಬೇಕು. ಕಿಟಕಿಯನ್ನು ಹೊರಕ್ಕೆ ನೂಕಿ, ಆಮೇಲಷ್ಟೇ ಬೆಲ್ಟು ಬಿಚ್ಚಿ, ಹಿಡಿದ ಚೌಕಟ್ಟಿನತ್ತ ಮೈಯನ್ನು ಎಳೆದುಕೊಂಡು ಹೊರಬರಬೇಕು. ಮುಂಚೆಯೇ ಬೆಲ್ಟು ಬಿಚ್ಚಿದವರು ಒಳಗೇ ತೇಲಿ ದಿಕ್ಕು ತಪ್ಪುತ್ತಾರೆ. ಪಕ್ಕದಲ್ಲಿ ಮುಳುಗುಗಾರರು ಇರುತ್ತಾರೆ, ಹೆದರಬೇಕಿಲ್ಲ. 2022ರ ಜೂನ್‌ನಲ್ಲಿ ಮುಂಬೈ ಹೈ ಬಳಿ ಒಂಬತ್ತು ಮಂದಿಯಿದ್ದ ಹೆಲಿಕಾಪ್ಟರ್ ನಿಜವಾಗಿಯೂ ಸಮುದ್ರಕ್ಕಿಳಿದಾಗ ಐವರು ಬದುಕಿ ಬಂದರು, ಆದ್ದರಿಂದ ಈ ಅಭ್ಯಾಸವನ್ನು ಕಾಟಾಚಾರವೆಂದು ತಿಳಿಯಬೇಡಿ. ಹೋಗುವ ಮುನ್ನ ಈಜುಕೊಳದಲ್ಲಿ ಒಂದು ತಿಂಗಳು ಕಳೆದರೆ ಅನುಕೂಲ.

ಪ್ರಶ್ನೆ: ಭೂವಿಜ್ಞಾನದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಹೆಣ್ಣುಮಕ್ಕಳಿಗೆ ರಿಗ್‌ನಲ್ಲಿ ಅವಕಾಶವಿದೆಯೇ? ತಮ್ಮ ಎಂಜಿನಿಯರಿಂಗ್ ಸೇರಬೇಕೆಂದಿದ್ದಾನೆ, ಅವನು ಪೆಟ್ರೋಲಿಯಂ ವಿಭಾಗವನ್ನೇ ತೆಗೆದುಕೊಳ್ಳಬೇಕೇ? (ಚಿಕ್ಕಮಗಳೂರು)

ಅವಕಾಶವಿದೆ, ಆದರೆ ಎಂಎಸ್ಸಿ ಮಾಡಲೇಬೇಕು. ಮೈಸೂರು ಮತ್ತು ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಭೂವಿಜ್ಞಾನ ವಿಭಾಗಗಳಿವೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನವಿದೆ. ಹೊಸಬರು ಸಾಮಾನ್ಯವಾಗಿ ಮಡ್ ಲಾಗರ್ ಆಗಿ ಸೇರುತ್ತಾರೆ. ಜರಡಿಯ ಮೇಲೆ ಬಂದ ಕಲ್ಲಿನ ಚೂರುಗಳನ್ನು ಚೀಲದಲ್ಲಿ ಹಿಡಿದು, ತೊಳೆದು, ಸೂಕ್ಷ್ಮದರ್ಶಕದಡಿ ನೋಡಿ, ಈಗ ಬಿಟ್ ಯಾವ ಪದರದಲ್ಲಿದೆ ಎಂದು ಬರೆಯುವುದು ಅವರ ಕೆಲಸ. ಅದೇ ಚೂರುಗಳನ್ನು ಕತ್ತಲೆಯ ಪೆಟ್ಟಿಗೆಯಲ್ಲಿ ನೇರಳಾತೀತ ದೀಪದ ಕೆಳಗಿಟ್ಟರೆ, ತೈಲ ಸೋಂಕಿದ ಚೂರು ಹಳದಿಯಾಗಿಯೋ ನಸುನೀಲಿಯಾಗಿಯೋ ಮಿನುಗುತ್ತದೆ. ಕೋಟಿಗಟ್ಟಲೆ ಹಣ ಸುರಿದ ಬಾವಿಯಲ್ಲಿ ತೈಲವಿದೆಯೆಂಬ ಮೊದಲ ಸುಳಿವು ಆ ಚಿಟಿಕೆ ಮರಳಿನಲ್ಲಿರುತ್ತದೆ. ಹೆಂಗಸರ ರಾತ್ರಿ ಪಾಳಿಗೆ 1952ರ ಗಣಿ ಕಾಯ್ದೆಯಲ್ಲಿದ್ದ ನಿರ್ಬಂಧವನ್ನು 2019ರ ಜನವರಿಯ ಅಧಿಸೂಚನೆ ಸಡಿಲಿಸಿತು: ಅವರ ಲಿಖಿತ ಒಪ್ಪಿಗೆ ಇರಬೇಕು, ಒಂದು ಪಾಳಿಯಲ್ಲಿ ಮೂವರಿಗಿಂತ ಕಡಿಮೆ ಇರಬಾರದು ಎಂಬ ಷರತ್ತಿನ ಮೇಲೆ. ಸಣ್ಣ ಗುತ್ತಿಗೆದಾರರ ರಿಗ್‌ಗಳಲ್ಲಿ ಪ್ರತ್ಯೇಕ ಕೋಣೆಯ ವ್ಯವಸ್ಥೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ, ಇಲ್ಲದಿದ್ದರೆ ನಿರಾಕರಿಸಿ.

ತಮ್ಮನಿಗೆ ಮೆಕ್ಯಾನಿಕಲ್ ಸಾಕು ಎಂಬುದು ನನ್ನ ಸಲಹೆ. ಒಎನ್‌ಜಿಸಿ ಕೊರೆತ ವಿಭಾಗದ ಎಂಜಿನಿಯರ್ ಹುದ್ದೆಗೆ ಮೆಕ್ಯಾನಿಕಲ್ ಮತ್ತು ಪೆಟ್ರೋಲಿಯಂ ಎರಡನ್ನೂ ಪರಿಗಣಿಸುತ್ತದೆ. ಆಯ್ಕೆ ಎಷ್ಟೋ ವರ್ಷ ಎಂಜಿನಿಯರಿಂಗ್ ಪದವೀಧರರ ‘ಗೇಟ್’ ಪರೀಕ್ಷೆಯ ಅಂಕದ ಮೇಲೆ ನಡೆದು, ಇತ್ತೀಚೆಗೆ ಸಂಸ್ಥೆಯದೇ ಕಂಪ್ಯೂಟರ್ ಪರೀಕ್ಷೆಯ ಮೇಲೆ ನಡೆದಿದೆ, ಆದ್ದರಿಂದ ಎರಡಕ್ಕೂ ಸಿದ್ಧನಿರಲಿ. ಧನಬಾದಿನ ಐಐಟಿಯಲ್ಲಿ ಅಥವಾ ರಾಯ್‌ಬರೇಲಿ ಸಮೀಪದ ರಾಜೀವ್ ಗಾಂಧಿ ಪೆಟ್ರೋಲಿಯಂ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ಪೆಟ್ರೋಲಿಯಂ ಓದಲಿ. ಹೆಚ್ಚು ಶುಲ್ಕದ ಖಾಸಗಿ ಕಾಲೇಜಿನಲ್ಲಿ ಓದುವುದಕ್ಕಿಂತ ಊರಿನಲ್ಲೋ ಹಾಸನದಲ್ಲೋ ಮೆಕ್ಯಾನಿಕಲ್ ಓದುವುದು ಲೇಸು.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಏಕೆ ತೈಲ ಕೊರೆಯುವುದಿಲ್ಲ? (ಅರಕಲಗೂಡು)

ಇಲ್ಲಿಲ್ಲದ ಕಾರಣ. ಗೊರೂರಿನ ಸುತ್ತಲ ಕಲ್ಲು ಮುನ್ನೂರು ಕೋಟಿ ವರ್ಷಕ್ಕೂ ಹಳೆಯದು. ಜೀವಿಗಳ ಅವಶೇಷ ಮಣ್ಣಿನೊಂದಿಗೆ ಪದರ ಪದರವಾಗಿ ಹೂತು ತೈಲವಾಗುವ ಬಗೆಯ ಶಿಲೆ ಇಲ್ಲಿನದಲ್ಲ. ನಿಮ್ಮ ಜಿಲ್ಲೆಯ ನೆಲದಡಿ ಹರಿಯುವುದು ಸಿದ್ಧವಾದ ಇಂಧನ, ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಸಾಗುವ ಪೈಪ್‌ಲೈನಿನಲ್ಲಿ. ಆ ಪೈಪ್‌ಲೈನಿನ ಹಾಸನದ ನಿಲ್ದಾಣದಲ್ಲೂ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್‌ಗಳಿಗೆ ಕೆಲಸವಿರುತ್ತದೆ ಎಂಬುದನ್ನು ಐಟಿಐ ಮಿತ್ರರು ಮರೆಯದಿರಲಿ.

ಪ್ರಶ್ನೆ: ಹೋಂಸ್ಟೇಯಲ್ಲಿ ಅಡುಗೆ ಮಾಡುತ್ತೇನೆ. ರಿಗ್‌ನಲ್ಲಿ ಅಡುಗೆಯವರು ಬೇಕೇ? ನನಗೆ ಬಣ್ಣಗಳನ್ನು ಗುರುತಿಸುವಲ್ಲಿ ಸ್ವಲ್ಪ ತೊಂದರೆಯಿದೆ. (ಕೊಪ್ಪ)

ಬೇಕು. ಅಡುಗೆಯವರು, ಕೋಣೆ ಒಪ್ಪ ಮಾಡುವವರು, ಅವರ ಮೇಲೆ ಕ್ಯಾಂಪ್ ಬಾಸ್. ಇವರೆಲ್ಲ ಕೇಟರಿಂಗ್ ಗುತ್ತಿಗೆದಾರರ ಸಿಬ್ಬಂದಿ, ನೇಮಕಾತಿ ಹೆಚ್ಚಾಗಿ ಮುಂಬೈಯಲ್ಲಿ. ಆಹಾರ ತಯಾರಿಕೆಯ ಸರ್ಟಿಫಿಕೇಟ್ ಕೋರ್ಸೊಂದು ಜೊತೆಗಿರಲಿ. ಉತ್ತರ ಭಾರತದ ಊಟವನ್ನೂ ಸಾಮಾನ್ಯ ವಿದೇಶಿ ಊಟವನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಲು ಬರಬೇಕು, ಅಕ್ಕಿರೊಟ್ಟಿ ಕಡುಬಿಗೆ ಅಲ್ಲಿ ಕೇಳುವವರು ಕಡಿಮೆ. ಸಮುದ್ರದ ಸುರಕ್ಷತಾ ತರಬೇತಿ ಮತ್ತು ವೈದ್ಯಕೀಯ ತಪಾಸಣೆ ನಿಮಗೂ ತಪ್ಪಿದ್ದಲ್ಲ. ಬಣ್ಣದ ದೋಷ ಎಲೆಕ್ಟ್ರಿಷಿಯನ್ ಅಥವಾ ಕ್ರೇನ್ ಆಪರೇಟರ್ ಆಗುವವರಿಗೆ ಅಡ್ಡಿಯಾಗುತ್ತದೆ. ಅಡುಗೆಯವರ ಬಗ್ಗೆ ವೈದ್ಯರು ಕೆಲಸದ ಸ್ವರೂಪ ನೋಡಿ ತೀರ್ಮಾನಿಸುತ್ತಾರೆ. ಮುಚ್ಚಿಡದೆ ಹೇಳಿ, ತರಬೇತಿಗೆ ಹಣ ಕಟ್ಟುವ ಮೊದಲೇ ಹಾಸನ ಅಥವಾ ಶಿವಮೊಗ್ಗದಲ್ಲಿ ಕಣ್ಣಿನ ತಜ್ಞರಿಂದ ಪರೀಕ್ಷೆ ಮಾಡಿಸಿ ವರದಿ ಪಡೆದಿಟ್ಟುಕೊಳ್ಳಿ.